ತೆನೆಗೆ ಕಟ್ಟುವ ಚೀಟಿಯಲ್ಲಿ ಯಾರ ಹೆಸರು?

ಭತ್ತದ ಹೂ ಅರಳುವುದು ಬೆಳಗ್ಗೆ ಹತ್ತರ ಸುಮಾರಿಗೆ. ಅರಳಿದ ಸ್ವಲ್ಪ ಹೊತ್ತಿಗೆಲ್ಲ ಮುಚ್ಚಿಕೊಂಡುಬಿಡುತ್ತದೆ. ಎರಡು ತಳಿ ಸೇರಿಸಿ ಮೂರನೆಯದನ್ನು ಪಡೆಯಬೇಕೆಂದರೆ ಹಿಂದಿನ ಸಂಜೆಯೇ ಗದ್ದೆಗಿಳಿಯಬೇಕು. ತಾಯಿ ಗಿಡದ ತೆನೆ ಆರಿಸಿ, ಒಂದೊಂದು ಹೂವಿನ ತುದಿ ಕತ್ತರಿಸಿ, ಒಳಗಿನ ಆರೂ ಕೇಸರಗಳನ್ನು ಚಿಮಟದಿಂದ ಎತ್ತಿ, ತೆನೆಗೆ ಕಾಗದದ ಚೀಲ ತೊಡಿಸಿ ಬರಬೇಕು. ಮರುದಿನ ಹೂ ಅರಳುವ ಹೊತ್ತಿಗೆ ತಂದೆ ಗಿಡದ ತೆನೆ ತಂದು ಪರಾಗ ಉದುರಿಸಬೇಕು. ಕಾಲು ಕೆಸರಿನಲ್ಲಿ, ಬೆನ್ನು ಬಿಸಿಲಿಗೆ, ಕಣ್ಣು ಭತ್ತದ ಕಾಳಿನಷ್ಟು ಸಣ್ಣ ಹೂವಿನ ಮೇಲೆ.

‘ಈ ಕೆಲಸಕ್ಕೆ ಹೆಣ್ಣುಮಕ್ಕಳೇ ಸರಿ, ಕೈ ಸೂಕ್ಷ್ಮ’ ಎಂಬ ಮಾತನ್ನು ಭತ್ತದ ಮೇಲೆ ಕೆಲಸ ಮಾಡುವ ಯಾವ ಕೇಂದ್ರಕ್ಕೆ ಹೋದರೂ ಕೇಳಬಹುದು. ಮೆಚ್ಚುಗೆಯ ಮಾತೇ, ಸುಳ್ಳೂ ಅಲ್ಲ. ಆದರೆ ಆ ತೆನೆಯ ಕಾಳು ಬಿತ್ತಿ, ಪೀಳಿಗೆಯಿಂದ ಪೀಳಿಗೆಗೆ ಆರಿಸಿ, ಹಲವು ಊರುಗಳಲ್ಲಿ ಪ್ರಯೋಗ ನಡೆಸಿ, ತಳಿ ಬಿಡುಗಡೆಯಾಗುವಷ್ಟರಲ್ಲಿ ಎಂಟು ಹತ್ತು ವರ್ಷ ಆಗಿರುತ್ತದೆ. ಅಷ್ಟರೊಳಗೆ ಆ ಸೂಕ್ಷ್ಮ ಕೈಯವಳಿಗೆ ಮದುವೆ, ಬಾಣಂತನ, ವರ್ಗ ಎಲ್ಲವೂ ಆಗಿ, ಬಿಡುಗಡೆಯ ಪ್ರಸ್ತಾವನೆಯಲ್ಲಿ ಅವಳ ಹೆಸರು ಇಲ್ಲದೆ ಹೋಗಬಹುದು. ಬೇಕೆಂದು ತೆಗೆದವರು ಯಾರೂ ಇರುವುದಿಲ್ಲ. ‘ಆಗ ಯಾರು ಕ್ರಾಸ್ ಮಾಡಿದ್ರು ನೆನಪಿಲ್ಲ’ ಅಷ್ಟೇ. ಬಡ್ತಿಯ ಸಂದರ್ಶನದಲ್ಲಿ ಮಾತ್ರ ಆ ಹೆಸರಿಗೆ ಅಂಕವಿದೆ.

ಇಂಥ ಮಾತು ಆಡಲು ಕತ್ತಲಗೆರೆಯಂಥ ಊರು ತಕ್ಕ ಜಾಗ. ಚನ್ನಗಿರಿ ತಾಲ್ಲೂಕಿನ ಈ ಊರಿನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. 2012ರಲ್ಲಿ ಹುಟ್ಟಿದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಅಂದರೆ ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾವೂ ಇಲ್ಲಿದೆ. ಸುತ್ತ ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹುಡುಗಿಯರಿಗೆ ವಿಜ್ಞಾನ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡವಲ್ಲ. ಇಂಥ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಮಣ್ಣು ಪರೀಕ್ಷೆಯ ಲ್ಯಾಬು, ಅಲ್ಲಿ ಸಿಗುವ ಒಂದು ಗುತ್ತಿಗೆ ಹುದ್ದೆ, ಮುಂದೊಂದು ದಿನ ಸಹಾಯಕ ಪ್ರಾಧ್ಯಾಪಕಿಯ ಆದೇಶ. ಇಲ್ಲಿ ಹೇಳುವ ದೂರುಗಳು ಕತ್ತಲಗೆರೆಯ ಕೇಂದ್ರದ್ದಲ್ಲ. ನಾಡಿನ, ದೇಶದ, ಹೊರದೇಶದ ಎಲ್ಲ ಸಂಶೋಧನಾ ಜಾಗಗಳಲ್ಲೂ ಕಂಡ ಸಂಗತಿಗಳು. ಆ ಊರಿನ ದಾರಿಯಲ್ಲಿ ಬಸ್ಸಿಗೆ ಕಾಯುವ ಹುಡುಗಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕೃಷಿ ಪದವಿ ತರಗತಿಗಳಲ್ಲಿ ಇಂದು ಅರ್ಧದಷ್ಟು ಹುಡುಗಿಯರೇ. ಘಟಿಕೋತ್ಸವದ ಮರುದಿನ ಪತ್ರಿಕೆ ತೆರೆದರೆ ಚಿನ್ನದ ಪದಕ ಹಿಡಿದವರೂ ಅವರೇ. ಆದರೆ 2018ರ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ದೇಶದ ಸಂಶೋಧಕರಲ್ಲಿ ಹೆಂಗಸರು ಶೇ 16.6 ಮಾತ್ರ. ತರಗತಿಯಲ್ಲಿದ್ದವರು ಎಲ್ಲಿ ಹೋದರು? ‘ಮನೆ, ಮಕ್ಕಳು’ ಎನ್ನುವ ಉತ್ತರ ಎಲ್ಲರ ನಾಲಿಗೆಯ ಮೇಲಿದೆ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ 568 ವಿಜ್ಞಾನಿಗಳನ್ನು ಕೇಳಿ ಒಂದು ವರದಿ ಹೊರತಂದವು. ಅನಿತಾ ಕುರುಪ್, ಆರ್. ಮೈತ್ರೇಯಿ, ಬಿ. ಕಾಂತರಾಜು, ರೋಹಿಣಿ ಗೋಡಬೋಲೆ ಅದನ್ನು ಸಿದ್ಧಪಡಿಸಿದವರು. ಸಂಶೋಧನೆ ಬಿಟ್ಟ ಹೆಂಗಸರ ಮಾತಿನಲ್ಲಿ ಮನೆವಾರ್ತೆಗಿಂತ ಮುಂದೆ ಬಂದದ್ದು ಓದಿಗೆ ತಕ್ಕ ಕೆಲಸ ಸಿಗದಿರುವುದು ಮತ್ತು ಸಂಸ್ಥೆಗಳ ನಡವಳಿಕೆ. ಸಂಸ್ಥೆಯ ತಪ್ಪನ್ನು ಸೊಸೆಯ ಸೆರಗಿಗೆ ಕಟ್ಟುವುದು ನಮಗೆ ರೂಢಿಯಾಗಿದೆ. ಆ ಗಂಟನ್ನು ಮೊದಲು ಬಿಚ್ಚಬೇಕು.

ಮೂರು ಹಳೆಯ ಕತೆಗಳು

1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬೈಯಲ್ಲಿ ಒಳ್ಳೆಯ ದರ್ಜೆಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದವರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಿದರು. ಕಮಲಾ ಬೆಂಗಳೂರಿಗೆ ಬಂದು, ಅವರ ಎದುರು ನಿಂತು, ಬಿಡದೆ ಕೇಳಿದಳು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಒಂದು ವರ್ಷ ಪರೀಕ್ಷಾರ್ಥ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾಗುವ ತನಕ ಮಾನ್ಯತೆ ಇಲ್ಲ, ಅಲ್ಲಿನ ಗಂಡಸರ ಗಮನ ಕೆಡಿಸಬಾರದು. ಒಂದು ವರ್ಷದ ಕೆಲಸ ನೋಡಿ ರಾಮನ್ ಒಪ್ಪಿದರು. ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದ ಕೆಲಸ ಅದು. ಕಮಲಾ ಸೊಹೋನಿ ಎಂದು ಲೋಕ ನೆನೆಯುವುದು ಇವರನ್ನೇ.

ರಾಮನ್ ಅವರನ್ನು ಚಿಕ್ಕವರನ್ನಾಗಿಸಲು ಈ ಕತೆ ಹೇಳುತ್ತಿಲ್ಲ. ಆ ಮೂರನೆಯ ಷರತ್ತನ್ನು ನೋಡಿ. ಇನ್ನೊಬ್ಬರ ಮನಸ್ಸು ಕದಲಿದರೆ ಹೊಣೆ ಹುಡುಗಿಯದು. ತೊಂಬತ್ತು ವರ್ಷ ಕಳೆದರೂ ‘ಲೇಡೀಸ್ ಇದ್ರೆ ಫೀಲ್ಡ್ ಟೂರ್ ಕಷ್ಟ’ ಎಂಬ ಮಾತಿನೊಳಗೆ ಕೂತಿರುವುದು ಅದೇ ಷರತ್ತು.

ಎರಡನೆಯವರು ಅನ್ನಾ ಮಣಿ. 1940ರಿಂದ ಐದು ವರ್ಷ ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಮೇಲೆ ಕೆಲಸ ಮಾಡಿದರು. ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಮಹಾಪ್ರಬಂಧ ಒಪ್ಪಿಸಿದರೆ, ಎಂ.ಎಸ್ಸಿ. ಇಲ್ಲ ಎಂದು ಪದವಿ ಕೊಡಲಿಲ್ಲ. ಮುಂದೆ ಭಾರತೀಯ ಹವಾಮಾನ ಇಲಾಖೆಯಲ್ಲಿ ದೇಶದ್ದೇ ಉಪಕರಣಗಳನ್ನು ಕಟ್ಟಿ ಬೆಳೆಸಿ, ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಆ ಮಹಾಪ್ರಬಂಧ ಮಾತ್ರ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹಾಗೆಯೇ ಉಳಿಯಿತು. ಕೆಲಸದಲ್ಲಿದ್ದುಕೊಂಡು ಪಿಎಚ್.ಡಿ. ಮಾಡಲು ಹೊರಟ ಪ್ರತಿಯೊಬ್ಬಳೂ ಇಲ್ಲಿ ನಿಂತು ಯೋಚಿಸಬೇಕು. ನೋಂದಣಿ, ನಿರಾಕ್ಷೇಪಣಾ ಪತ್ರ, ರಜೆಯ ಮಂಜೂರಾತಿ, ಅರ್ಹತೆಯ ನಿಯಮ ಎಲ್ಲವೂ ಮೊದಲು ಕಾಗದದ ಮೇಲೆ ಬರಲಿ. ‘ಮಾಡ್ತಾ ಇರಮ್ಮ, ಆಮೇಲೆ ನೋಡೋಣ’ ಎಂಬ ಪ್ರೀತಿಯ ಮಾತನ್ನು ನಂಬಿ ಐದು ವರ್ಷ ಕೊಡಬೇಡಿ.

ಮೂರನೆಯವರು ಗದ್ದೆಗೆ ಹತ್ತಿರದವರು. ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್ 1931ರಲ್ಲಿ ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದು ಬಂದು, ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕಬ್ಬನ್ನು ಬೇರೆ ಹುಲ್ಲುಗಳೊಂದಿಗೆ ಸಂಕರ ಮಾಡಿದವರು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ಬೆಳೆಗಳ ವರ್ಣತಂತುಗಳ ಅಟ್ಲಾಸನ್ನು ಸಿ.ಡಿ. ಡಾರ್ಲಿಂಗ್ಟನ್ ಜೊತೆ 1945ರಲ್ಲಿ ಹೊರತಂದರು. ಆ ಪುಸ್ತಕದ ಮೇಲೆ ಎರಡೂ ಹೆಸರುಗಳಿವೆ.

ಹೆಸರಿನ ವಿಚಾರಕ್ಕೆ ಬಂದರೆ ಚನ್ನಗಿರಿ ಸೀಮೆಯಲ್ಲೇ ಒಂದು ಐತಿಹ್ಯ ಇದೆ. ಶಾಂತಿಸಾಗರವನ್ನು ಜನ ಸೂಳೆಕೆರೆ ಎನ್ನುತ್ತಾರಲ್ಲ. ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ. ಕಟ್ಟಲು ಆರಿಸಿದ ಜಾಗದಲ್ಲಿ ವೇಶ್ಯೆಯರ ಕೇರಿ ಇತ್ತಂತೆ. ಕೆರೆಗೆ ತಮ್ಮ ಹೆಸರಿರಬೇಕು ಎಂಬ ಮಾತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರಂತೆ. ಊರು ಕೀಳಾಗಿ ಕಂಡ ಹೆಂಗಸರು, ಜಾಗ ಬಿಡುವ ಮೊದಲೇ ಕೇಳಿದರು. ಮುಳುಗಿದ ಮೇಲೆ ಕೇಳಿದ್ದರೆ ಯಾರು ಕೊಡುತ್ತಿದ್ದರು? ಶಾಂತಿಸಾಗರ ಎಂದು ಫಲಕ ಹಾಕಿದ್ದರೂ ಜನರ ಬಾಯಲ್ಲಿ ಆ ಹೆಸರೇ ಉಳಿದಿದೆ. ಪ್ರಬಂಧದ ಲೇಖಕರ ಸಾಲಿನ ವಿಚಾರ ಬಂದಾಗಲೆಲ್ಲ ನನಗೆ ಈ ಕತೆ ನೆನಪಾಗುತ್ತದೆ.

ಕಾಗದ, ತಾರೀಖು, ಹೆಸರು

ಹಾಗಾದರೆ ಮಾಡುವುದೇನು? ಪ್ರಯೋಗ ಶುರುವಾಗುವ ದಿನವೇ, ದತ್ತಾಂಶ ಕೈ ಬಿಡುವ ಮೊದಲೇ, ಯಾರ ಹೆಸರು ಎಲ್ಲಿ ಎಂಬುದನ್ನು ಮಾತಾಡಿ. ಜಗಳ ಬೇಡ. ‘ಸಾರ್, ಈ ಪ್ರಯೋಗದಲ್ಲಿ ಕ್ರಾಸಿಂಗ್, ಎಫ್-ಟೂ ಪೀಳಿಗೆಯ ಆಯ್ಕೆ ನಾನು ಮಾಡ್ತೀನಿ, ಪ್ರಬಂಧ ಬರೆಯೋದೂ ನಾನೇ, ಮೊದಲ ಹೆಸರು ನನ್ನದಿರಲಿ ಅಂತ ಕೇಳ್ಕೋತೀನಿ’ ಎಂದು ಹೇಳಿ, ಅದೇ ಮಾತನ್ನು ಅಂದೇ ಒಂದು ಚಿಕ್ಕ ಇ–ಮೇಲ್ ಮಾಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಇ–ಮೇಲ್‌ಗೆ ಇರುತ್ತದೆ.

ಫೀಲ್ಡ್ ಬುಕ್ಕನ್ನು ಕೇಂದ್ರಕ್ಕೆ ಒಪ್ಪಿಸುವ ಮುನ್ನ ಪುಟಗಳ ಫೋಟೊ ತೆಗೆದಿಡಿ. ಪುಸ್ತಕ ಸಂಸ್ಥೆಯದು, ಅದನ್ನು ಮನೆಗೊಯ್ಯುವ ಹಕ್ಕು ನಿಮಗಿಲ್ಲ. ನೀವು ಏನು ಮಾಡಿದಿರಿ ಎಂಬ ದಾಖಲೆ ನಿಮ್ಮ ಬಳಿಯೂ ಇರಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಕಡೆ ಎರಡು ಹಂಗಾಮಿನ ದತ್ತಾಂಶವನ್ನು ಬಿಡಿ ಹಾಳೆಗಳಲ್ಲಿ ಬರೆದು, ರಜೆಗೆ ಹೋಗುವಾಗ ಹಾಗೇ ಕೊಟ್ಟು ಹೋಗಿದ್ದೆ. ಹಿಂದಿರುಗಿದಾಗ ವರದಿ ಅಚ್ಚಾಗಿತ್ತು, ಹೆಸರು ಇರಲಿಲ್ಲ. ಕೇಳಲು ನನ್ನ ಕೈಯಲ್ಲಿ ಒಂದು ತಾರೀಖೂ ಇರಲಿಲ್ಲ. ಅಂದಿನಿಂದ ತಾರೀಖಿಲ್ಲದೆ ಒಂದು ಸಾಲೂ ಬರೆದಿಲ್ಲ.

ಹೆರಿಗೆ ರಜೆಗೋ ವರ್ಗವಾಗಿಯೋ ಹೋಗುವಾಗ ಹಸ್ತಾಂತರ ಪತ್ರ ಬರೆಯಿರಿ. ಯಾವ ತಾಕಿನಲ್ಲಿ ಯಾವ ಪೀಳಿಗೆ ಇದೆ, ಎಷ್ಟು ಸಾಲು ಆರಿಸಿದೆ, ಬೀಜ ಯಾವ ಡಬ್ಬಿಯಲ್ಲಿದೆ, ಮುಂದೆ ಏನಾಗಬೇಕು ಎಂದು ಒಂದೂವರೆ ಪುಟ ಸಾಕು. ತಳಿ ಬಿಡುಗಡೆಯ ಪ್ರಸ್ತಾವನೆ ಬಂದಾಗ ಇಷ್ಟು ಕಾಲದಿಂದ ಇಷ್ಟು ಕಾಲದ ತನಕ ನಾನು ತೊಡಗಿದ್ದೆ ಎಂದು ಹೇಳಲು ಅದೊಂದೇ ಸಾಕ್ಷಿ. ಒಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹೂಗುಚ್ಛ, ಪ್ರಾರ್ಥನೆ, ನಿರೂಪಣೆ

ಕ್ಷೇತ್ರೋತ್ಸವ, ಕೃಷಿ ಮೇಳ ಬಂದರೆ ಮಹಿಳಾ ವಿಜ್ಞಾನಿಗೆ ಬರುವ ಕೆಲಸ ಯಾವುದು? ಪ್ರಾರ್ಥನೆ ಮಾಡಿಸುವುದು, ಅತಿಥಿಗೆ ಹೂಗುಚ್ಛ ಕೊಡುವುದು, ನಿರೂಪಣೆ, ಊಟದ ಉಸ್ತುವಾರಿ, ಮರುದಿನ ವರದಿ ಬರೆಯುವುದು. ತಾಕಿನ ಎದುರು ನಿಂತು ರೈತರಿಗೆ ತಳಿ ವಿವರಿಸುವವರು ಬೇರೆ. ಪತ್ರಿಕೆಯಲ್ಲಿ ಫೋಟೊ ಬರುವುದೂ ಅವರದೇ. ಕೃಷಿ ವಿಜ್ಞಾನ ಕೇಂದ್ರಗಳಲ್ಲಂತೂ ಹೆಣ್ಣುಮಗಳೆಂದರೆ ಗೃಹವಿಜ್ಞಾನ ಎಂದು ನೋಡುವವರಿದ್ದಾರೆ. ಅವಳು ಓದಿದ್ದು ಕೀಟಶಾಸ್ತ್ರವಾದರೂ ಕರೆಯುವುದು ಪೌಷ್ಟಿಕ ಆಹಾರದ ತರಬೇತಿಗೆ.

ಬಡ್ತಿಗೆ ಎಣಿಕೆಯಾಗದ ಈ ಕೆಲಸಗಳ ಬಗ್ಗೆ ಅಮೆರಿಕದ ಲಿಂಡಾ ಬ್ಯಾಬ್ಕಾಕ್, ಲೀಸೆ ವೆಸ್ಟರ್‌ಲಂಡ್ ಮತ್ತು ಜೊತೆಗಾರರು 2017ರಲ್ಲಿ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಗಂಡಸರು, ಹೆಂಗಸರು ಕೂಡಿದ ಗುಂಪಿನಲ್ಲಿ ಇಂಥ ಕೆಲಸಕ್ಕೆ ಮುಂದೆ ಬರುವವರು ಹೆಚ್ಚಾಗಿ ಹೆಂಗಸರು, ಕೇಳುವವರೂ ಹೆಂಗಸರನ್ನೇ ಹೆಚ್ಚು ಕೇಳುತ್ತಾರೆ. ಬರೀ ಗಂಡಸರ ಗುಂಪಾದರೆ? ಅವರಲ್ಲೇ ಒಬ್ಬರು ಎದ್ದು ಮಾಡುತ್ತಾರೆ. ಅಂದರೆ ಇದು ಹೆಣ್ಣಿನ ಸ್ವಭಾವವಲ್ಲ, ಅವಳು ಮಾಡುತ್ತಾಳೆ ಎಂಬ ಎಲ್ಲರ ನಿರೀಕ್ಷೆ.

‘ಆಗಲ್ಲ’ ಎಂದು ಮುಖದ ಮೇಲೆ ಹೇಳುವುದು ನಮ್ಮ ಕಡೆ ಸುಲಭವಲ್ಲ. ‘ಪೊಗರು ಬಂತು’ ಎನ್ನುತ್ತಾರೆ. ‘ಹೋದ ಸಲ ನಾನು ಮಾಡಿದ್ದೆ ಸಾರ್, ಈ ಸಲ ಬೇರೆಯವರು ಮಾಡ್ಲಿ, ನಾನು ತಾಕಿನ ಹತ್ರ ನಿಲ್ತೀನಿ’ ಎನ್ನಬಹುದು. ಸರದಿ ಎಂಬ ಮಾತಿಗೆ ಎದುರಾಡುವುದು ಯಾರಿಗೂ ಕಷ್ಟ. ಮುಖ್ಯಸ್ಥರಾಗಿರುವವರಿಗೆ ನನ್ನ ಕೋರಿಕೆ ಇದೇ. ಸಭೆ, ಸಮಾರಂಭದ ಕೆಲಸಕ್ಕೆ ವರ್ಷದ ಆರಂಭದಲ್ಲೇ ಸರದಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ.

ಇನ್ನು ಕರೆಯುವ ರೀತಿ. ಅದೇ ಡಾಕ್ಟರೇಟ್, ಅದೇ ಹುದ್ದೆ. ಆದರೆ ಅವನು ಡಾಕ್ಟ್ರು, ಇವಳು ‘ಏನಮ್ಮಾ’. ಗದ್ದೆಯ ಕೂಲಿಯಾಳುಗಳು ‘ಅಕ್ಕಾರೇ’ ಎನ್ನುವುದು ಪ್ರೀತಿ, ಅದನ್ನು ತಿದ್ದಬೇಕಿಲ್ಲ. ಕಚೇರಿಯ ಟಿಪ್ಪಣಿಯಲ್ಲಿ, ಆಹ್ವಾನ ಪತ್ರಿಕೆಯಲ್ಲಿ, ವೇದಿಕೆಯ ಮೇಲೆ ‘ಡಾ.’ ಬಿಟ್ಟುಹೋದರೆ ಮಾತ್ರ ಅಚ್ಚಿಗೆ ಹೋಗುವ ಮೊದಲೇ ತಿದ್ದಿಸಿ.

‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’

ಪಕ್ಷಪಾತ ಬೈಗುಳವಾಗಿ ಬರುವುದು ಕಡಿಮೆ, ಕಾಳಜಿಯಾಗಿ ಬರುವುದೇ ಹೆಚ್ಚು. ‘ದೂರದ ಕೇಂದ್ರ ಬೇಡಮ್ಮ, ಬಸ್ಸಿಲ್ಲ, ಕ್ವಾರ್ಟರ್ಸ್ ಸರಿಯಿಲ್ಲ, ಕಚೇರಿಯಲ್ಲೇ ಇರು’ ಎಂದು ಹೇಳುವ ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ನಾಲ್ಕು ವರ್ಷ ಕಚೇರಿಯಲ್ಲಿದ್ದು ರಿಜಿಸ್ಟರ್ ನೋಡಿಕೊಂಡವಳು ಬಡ್ತಿಗೆ ನಿಂತಾಗ ‘ಕ್ಷೇತ್ರದ ಅನುಭವ ಸಾಲದು’ ಎನ್ನುವವರೂ ಕೆಲವೊಮ್ಮೆ ಅವರೇ. ಕ್ಷೇತ್ರ ಅಧೀಕ್ಷಕರ ಹುದ್ದೆ, ಯೋಜನೆಯ ಪ್ರಧಾನ ಸಂಶೋಧಕರ ಜವಾಬ್ದಾರಿ, ಸಹ ಸಂಶೋಧನಾ ನಿರ್ದೇಶಕರ ಕುರ್ಚಿ, ಎಲ್ಲಕ್ಕೂ ಏಣಿಯ ಮೊದಲ ಮೆಟ್ಟಿಲು ಹೊರಗಿನ ಕೇಂದ್ರದಲ್ಲೇ ಇರುತ್ತದೆ.

ಆದ್ದರಿಂದ ಹೊರಗಿನ ಕೇಂದ್ರಕ್ಕೆ ಹೋಗಲು ಸಿದ್ಧವಿದ್ದರೆ ಅದನ್ನು ಬರೆದು ಕೊಡಿ. ಹೋಗಲು ಬೇಕಾದದ್ದನ್ನೂ ಅದೇ ಪತ್ರದಲ್ಲಿ ಕೇಳಿ: ನಸುಕಿನಲ್ಲಿ ತಾಕಿಗೆ ಹೋಗಲು ವಾಹನ, ಕ್ಷೇತ್ರದ ಹತ್ತಿರ ಬೀಗವಿರುವ, ನೀರಿರುವ ಶೌಚಾಲಯ, ವಸತಿ. ಶೌಚಾಲಯದ ಮಾತು ಸಣ್ಣದಲ್ಲ. ಮಧ್ಯಾಹ್ನದ ತನಕ ನೀರು ಕುಡಿಯದೆ ಬಿಸಿಲಿನಲ್ಲಿ ಕ್ರಾಸಿಂಗ್ ಮಾಡುವ ಹುಡುಗಿಯರಿದ್ದಾರೆ, ಅದರಿಂದ ಕಾಯಿಲೆ ತಂದುಕೊಂಡವರೂ ಇದ್ದಾರೆ. ಗಂಡನೂ ಸರ್ಕಾರಿ ನೌಕರನಾದರೆ ಪತಿ–ಪತ್ನಿ ಪ್ರಕರಣವೆಂದು ಒಂದೇ ಕಡೆ ವರ್ಗ ಕೇಳುವ ದಾರಿಯೂ ಇದೆ. ಆ ಅರ್ಜಿಯನ್ನು ಯಾವಾಗಲೂ ಹೆಂಡತಿಯೇ ಏಕೆ ಹಾಕಬೇಕು ಎಂಬುದನ್ನು ಮನೆಯಲ್ಲಿ ಕೂತು ಮಾತಾಡಿ.

ಹೆಸರು ಬದಲಾದರೆ ಸಾಕು, ಬೆಲೆ ಬದಲಾಗುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. 2012ರಲ್ಲಿ ಅಮೆರಿಕದಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ಕೆಲಸಕ್ಕೆ ಬಂದ ಒಂದೇ ಅರ್ಜಿಯನ್ನು ಕಳಿಸಿದರು. ಕೆಲವರಿಗೆ ಜಾನ್ ಎಂಬ ಹೆಸರಲ್ಲಿ, ಕೆಲವರಿಗೆ ಜೆನಿಫರ್ ಹೆಸರಲ್ಲಿ. ಜಾನ್‌ಗೆ ವರ್ಷಕ್ಕೆ ಸುಮಾರು 30,200 ಡಾಲರ್ ಕೊಡಬಹುದು ಎಂದರು, ಜೆನಿಫರ್‌ಗೆ ಸುಮಾರು 26,500. ಹೆಣ್ಣು ಪ್ರಾಧ್ಯಾಪಕರೂ ಹಾಗೆಯೇ ಬೆಲೆ ಕಟ್ಟಿದರು. ನಮ್ಮ ಆಯ್ಕೆ ಸಮಿತಿಯಲ್ಲಿ ಒಬ್ಬ ಹೆಂಗಸು ಕೂತ ಮಾತ್ರಕ್ಕೆ ನ್ಯಾಯ ಆಯಿತು ಎಂದುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಅಂಕ ಕೊಡುವ ಅಳತೆಗೋಲು ಸಂದರ್ಶನಕ್ಕೆ ಮೊದಲೇ ಬರೆದಿಟ್ಟಿರಬೇಕು.

ಶಿಫಾರಸು ಪತ್ರದಲ್ಲೂ ಇದೇ ಕತೆ. ಹುಡುಗನಿಗೆ ‘ಪ್ರತಿಭಾವಂತ, ಸ್ವತಂತ್ರವಾಗಿ ಯೋಚಿಸಬಲ್ಲ’, ಹುಡುಗಿಗೆ ‘ವಿನಯವಂತೆ, ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾಳೆ’. ಹೊಂದಿಕೊಳ್ಳುತ್ತಾಳೆ ಎಂಬುದನ್ನು ಮದುವೆಯ ಮಾತುಕತೆಯಲ್ಲಿ ಹೇಳಲಿ, ಸಂಶೋಧನಾ ಹುದ್ದೆಗಲ್ಲ. ಗುರುಗಳ ಬಳಿ ಪತ್ರ ಕೇಳುವಾಗ ನೀವು ಮಾಡಿದ ಕೆಲಸದ ಒಂದು ಪುಟದ ಪಟ್ಟಿಯನ್ನೂ ಕೊಡಿ. ಎಷ್ಟು ಸಂಕರ, ಯಾವ ಉಪಕರಣ, ಯಾವ ಪ್ರಬಂಧ ಎಂದು ಅಂಕಿಯಲ್ಲಿ. ಕಣ್ಣ ಮುಂದೆ ಇದ್ದದ್ದನ್ನೇ ಜನ ಬರೆಯುತ್ತಾರೆ.

ಸಂದರ್ಶನದಲ್ಲಿ ‘ಮದುವೆ ಆಗಿದೆಯಾ? ಮಕ್ಕಳನ್ನ ಯಾರು ನೋಡ್ಕೋತಾರೆ?’ ಎಂದು ಕೇಳಿದರೆ ಕೋಪ ಬರುವುದು ಸಹಜ. ‘ಹುದ್ದೆಯ ಕೆಲಸಕ್ಕೆ ಬೇಕಾದ ಏರ್ಪಾಡೆಲ್ಲ ಆಗಿದೆ ಸಾರ್’ ಎಂದಷ್ಟೇ ಹೇಳಿ, ಮುಂದಿನ ಮಾತನ್ನು ನಿಮ್ಮ ಸಂಶೋಧನೆಯತ್ತ ತಿರುಗಿಸಿ. ಹೊರಗೆ ಬಂದ ಮೇಲೆ ಕೇಳಿದ ಪ್ರಶ್ನೆಗಳನ್ನು ತಾರೀಖು ಹಾಕಿ ಬರೆದಿಡಿ. ಆಯ್ಕೆಯಲ್ಲಿ ಅನ್ಯಾಯವಾಗಿದೆ ಎನಿಸಿದರೆ ನೆನಪಿಡಿ, ವಿಶ್ವವಿದ್ಯಾಲಯ ಸಾರ್ವಜನಿಕ ಪ್ರಾಧಿಕಾರ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಅಂಕಪಟ್ಟಿ, ಅಂಕ ಹಂಚಿಕೆಯ ಮಾನದಂಡ ಕೇಳಬಹುದು. ಉತ್ತರಕ್ಕೆ 30 ದಿನ.

ಬಾಣಂತನದ ಲೆಕ್ಕ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲಿಯೇ. ಅದರಲ್ಲೂ ನಿಯಮ ಗೊತ್ತಿಲ್ಲದೆ ಕಳೆದುಕೊಳ್ಳುವವರೇ ಜಾಸ್ತಿ.

ಪಿಎಚ್.ಡಿ. ಮಾಡುತ್ತಿರುವವರಿಗೆ ಮೊದಲು. ಯುಜಿಸಿ 2022ರ ನವೆಂಬರ್‌ನಲ್ಲಿ ತಂದ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿಯಾದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ವಿನಾಯಿತಿ. ಹೆರಿಗೆ ಮತ್ತು ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನಗಳ ತನಕ ರಜೆ. ಕೃಷಿ ವಿಶ್ವವಿದ್ಯಾಲಯಗಳಿಗೆ ತಮ್ಮದೇ ಸ್ನಾತಕೋತ್ತರ ನಿಯಮಾವಳಿ ಇರುವುದರಿಂದ, ಅದರಲ್ಲಿ ಈ ಸೌಲಭ್ಯ ಹೇಗೆ ಬರೆದಿದೆ ಎಂದು ಡೀನ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಗುತ್ತಿಗೆಯ ಮೇಲಿರುವ ಸಂಶೋಧನಾ ಸಹಾಯಕಿಯರಿಗೆ ‘ನಿಮಗೆಲ್ಲ ಹೆರಿಗೆ ರಜೆ ಇಲ್ಲ’ ಎಂದು ಹೇಳಿ ಕಳಿಸುವುದುಂಟು. ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ಪಾಲಿಕೆಯ ದಿನಗೂಲಿ ಹೆಂಗಸರ ಪ್ರಕರಣದಲ್ಲಿ ಈ ಹಕ್ಕು ಅವರಿಗೂ ಇದೆ ಎಂದಿತು. 2023ರ ಆಗಸ್ಟ್‌ನಲ್ಲಿ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಎಂದಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಎಂಬುದು ಹೆರಿಗೆ ಸೌಲಭ್ಯ ಕಾಯ್ದೆಯ ಷರತ್ತು. 2017ರ ತಿದ್ದುಪಡಿಯಿಂದ ಬಂದ 26 ವಾರದ ಸಂಬಳಸಹಿತ ರಜೆ ಮತ್ತು 50 ಮಂದಿಗಿಂತ ಕಡಿಮೆಯಿಲ್ಲದ ಕಡೆ ಶಿಶುಪಾಲನಾ ಕೋಣೆಯ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿವೆ. ಅರ್ಜಿಯಲ್ಲಿ ಕವಿತಾ ಯಾದವ್ ತೀರ್ಪಿನ ಹೆಸರು ಬರೆಯಿರಿ. ಕಾಯ್ದೆ ಗೊತ್ತಿರುವವಳ ಅರ್ಜಿಯನ್ನು ಕಡತದಲ್ಲಿ ಮಲಗಿಸುವುದು ಕಷ್ಟ.

ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ 180 ದಿನ ಇದೆ. ನಿಮ್ಮ ವಿಶ್ವವಿದ್ಯಾಲಯ ಆ ಆದೇಶವನ್ನು ಅಳವಡಿಸಿಕೊಂಡಿದೆಯೇ ಎಂದು ಸಿಬ್ಬಂದಿ ಶಾಖೆಯಲ್ಲಿ ವಿಚಾರಿಸಿ.

ರಜೆ ಮುಗಿಸಿ ಬಂದ ಮೇಲೆ ಬಡ್ತಿಯ ವಿಚಾರ. ಇದು ಬಹಳ ಜನಕ್ಕೆ ತಿಳಿದಿಲ್ಲ. ಯುಜಿಸಿಯ 2018ರ ನಿಯಮಾವಳಿಯ ಒಂದು ಟಿಪ್ಪಣಿ ಹೀಗೆನ್ನುತ್ತದೆ: ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆಯಂಥ ಅವಧಿಯನ್ನು ಮೌಲ್ಯಮಾಪನದಿಂದ ಹೊರಗಿಟ್ಟು, ಉಳಿದ ಅವಧಿಯ ಕೆಲಸದ ಆಧಾರದಲ್ಲಿ ಇಡೀ ಅವಧಿಗೆ ಅಂದಾಜು ಮಾಡಬೇಕು, ರಜೆಯಿಂದಾಗಿ ಬಡ್ತಿಗೆ ತೊಂದರೆ ಆಗಬಾರದು. ರಜೆಗೆ ಮುಂಚಿತವಾಗಿ ಅನುಮತಿ ಪಡೆದಿರಬೇಕು ಎಂಬುದೊಂದೇ ಷರತ್ತು. ಬಡ್ತಿಯ ಅರ್ಜಿ ತುಂಬುವಾಗ ‘ಆ ಆರು ತಿಂಗಳು ಖಾಲಿ’ ಎಂದು ಸೊನ್ನೆ ಹಾಕಬೇಡಿ. ರಜೆಯ ಆದೇಶದ ಪ್ರತಿ ಲಗತ್ತಿಸಿ, ಈ ಟಿಪ್ಪಣಿ ಉಲ್ಲೇಖಿಸಿ. ನಿಮ್ಮ ವಿಶ್ವವಿದ್ಯಾಲಯದ ಬಡ್ತಿ ನಿಯಮದಲ್ಲಿ ಅದು ಇಲ್ಲದಿದ್ದರೆ, ಸೇರಿಸಿ ಎಂದು ಶಿಕ್ಷಕರ ಸಂಘದ ಮೂಲಕ ಕೇಳಿ.

ಕೆಲಸವನ್ನೇ ಬಿಟ್ಟು ನಾಲ್ಕೈದು ವರ್ಷ ಮನೆಯಲ್ಲಿದ್ದವರಿಗೂ ದಾರಿ ಮುಚ್ಚಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇಪ್ಪತ್ತು ವರ್ಷದ ಹಿಂದೆಯೇ ಮಹಿಳಾ ವಿಜ್ಞಾನಿ ಯೋಜನೆ ಶುರುಮಾಡಿತು, ಈಗ ಅದು ವೈಸ್–ಕಿರಣ್ ಎಂಬ ಹೆಸರಿನಡಿ ನಡೆಯುತ್ತಿದೆ. ಪಿಎಚ್.ಡಿ.ಗೆ, ಪಿಎಚ್.ಡಿ. ನಂತರದ ಸಂಶೋಧನೆಗೆ, ಪೇಟೆಂಟ್ ಕೆಲಸದ ತರಬೇತಿಗೆ ಬೇರೆ ಬೇರೆ ಭಾಗಗಳಿವೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋಕೇರ್ ಕೂಡ ಇಂಥವರಿಗೇ ಇರುವುದು. ಅರ್ಜಿ ಹಾಕಲು ಆಶ್ರಯ ಕೊಡುವ ಒಂದು ಸಂಸ್ಥೆ ಬೇಕು. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಹತ್ತಿರದ ಸಂಶೋಧನಾ ಕೇಂದ್ರದ ಮುಖ್ಯಸ್ಥರನ್ನು ಕೇಳಿ ನೋಡಿ. ಗದ್ದೆ ಬದಿಯ ಪ್ರಶ್ನೆಗೆ ಗದ್ದೆ ಬದಿಯಲ್ಲೇ ಪ್ರಯೋಗಾಲಯ ಇರುವುದು ಅರ್ಜಿಗೆ ಬಲ.

ಮೈ ಮೇಲೆ ಬಂದರೆ

ಲೈಂಗಿಕ ಕಿರುಕುಳದ ಮಾತನ್ನು ಸುತ್ತಿ ಬಳಸಿ ಹೇಳಬೇಕಿಲ್ಲ. ಅದನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಮಂದಿಗಿಂತ ಕಡಿಮೆಯಿಲ್ಲದ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಬೇಕು. ಬೇರೆ ಊರಿನಲ್ಲಿರುವ ಘಟಕಕ್ಕೂ ಪ್ರತ್ಯೇಕ ಸಮಿತಿ. ‘ಸಮಿತಿ ಹೆಡ್ ಆಫೀಸ್‌ನಲ್ಲಿದೆ’ ಎಂಬ ಉತ್ತರ ಸಾಲದು. ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಒಬ್ಬರು ಹೊರಗಿನವರು. ಸಮಿತಿ ರಚನೆಯ ಆದೇಶ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ನಾಳೆ ಕಚೇರಿಗೆ ಹೋದಾಗ ನೋಟಿಸ್ ಬೋರ್ಡ್ ನೋಡಿ.

ದೂರು ಬರವಣಿಗೆಯಲ್ಲಿರಬೇಕು. ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಅಲ್ಲಿಯತನಕ ನಿಮ್ಮನ್ನೋ ಅವನನ್ನೋ ಬೇರೆಡೆ ಹಾಕಿ, ಇಲ್ಲವೇ ನಿಮಗೆ ಮೂರು ತಿಂಗಳ ತನಕ ರಜೆ ಕೊಡಿ ಎಂದು ಕೇಳಬಹುದು. ರಾಜಿ ನೀವು ಬಯಸಿದರೆ ಮಾತ್ರ, ಅದೂ ದುಡ್ಡಿನ ಮೇಲೆ ನಡೆಯುವಂತಿಲ್ಲ. ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಆದರೆ, ಅಥವಾ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಈ ಕಾಯ್ದೆ ವಿಜ್ಞಾನಿಗಳಿಗೆ ಮಾತ್ರವಲ್ಲ. ನಾಟಿಗೆ, ಕಳೆಗೆ ಬರುವ ದಿನಗೂಲಿ ಹೆಂಗಸರಿಗೂ ಅಷ್ಟೇ ಅನ್ವಯ. ಹತ್ತು ಮಂದಿ ಎಂದು ಎಣಿಸುವಾಗ ಅವರೂ ಲೆಕ್ಕಕ್ಕೆ ಬರುತ್ತಾರೆ. ಇದನ್ನು ಅವರಿಗೆ ಹೇಳಿದವರು ಯಾರೂ ಇಲ್ಲ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ ಅವರೊಂದಿಗೆ ಕೂತು ಹೇಳುವ ಕೆಲಸವನ್ನು ಕೇಂದ್ರದ ಮಹಿಳಾ ವಿಜ್ಞಾನಿ ಮಾಡಿದರೆ, ಗದ್ದೆಯಲ್ಲಿ ಅವಳ ಬೆನ್ನಿಗೆ ಇಪ್ಪತ್ತು ಜನ ಇರುತ್ತಾರೆ.

ಒಬ್ಬಳೇ ಇರುವ ಕೇಂದ್ರದಲ್ಲಿ ಕಷ್ಟ ಹೆಚ್ಚು. ಬೇರೆ ಕೇಂದ್ರಗಳಲ್ಲಿರುವ ನಿಮ್ಮ ವಿಭಾಗದ ಹೆಂಗಸರನ್ನು ಹುಡುಕಿ, ಒಂದು ಗುಂಪು ಮಾಡಿಕೊಂಡು ತಿಂಗಳಿಗೊಮ್ಮೆ ಮಾತಾಡಿ. ಹಬ್ಬದ ಶುಭಾಶಯ ಬೇರೆ ಕಡೆ ಇರಲಿ, ಈ ಗುಂಪಿನಲ್ಲಿ ಅಧಿಸೂಚನೆ, ಅರ್ಜಿಯ ಕೊನೆಯ ದಿನ, ಬಡ್ತಿಯ ನಮೂನೆ ತುಂಬಿದ ಹಳೆಯ ಪ್ರತಿ ಓಡಾಡಲಿ. ಗಂಡಸರಿಗೆ ಇಂಥ ಮಾಹಿತಿ ಚಹಾದಂಗಡಿಯಲ್ಲಿ, ಸಂಜೆಯ ಶಟಲ್ ಆಟದಲ್ಲಿ ತಾನಾಗಿಯೇ ಸಿಗುತ್ತದೆ. ಐದೂವರೆಯ ಬಸ್ಸಿಗೆ ಓಡುವವಳಿಗೆ ಸಿಗುವುದಿಲ್ಲ. ಮುಖ್ಯವಾದ ಸಭೆಯನ್ನು ಸಂಜೆ ಐದಕ್ಕೆ ಇಡುವ ಮುಖ್ಯಸ್ಥರು ಇದನ್ನು ಗಮನಿಸಬೇಕು.

ಹಿರಿಯರೊಬ್ಬರ ಆಸರೆಯೂ ಬೇಕು, ಅವರು ಗಂಡಸಾದರೂ ಸರಿ. ಒಳ್ಳೆಯ ಸಲಹೆ ಕೊಡುವವರು ಬಹಳ ಇದ್ದಾರೆ. ನೀವಿಲ್ಲದ ಸಭೆಯಲ್ಲಿ ‘ಆ ಪ್ರಾಜೆಕ್ಟಿಗೆ ಅವಳ ಹೆಸರು ಹಾಕಿ’ ಎನ್ನುವವರು ಕಡಿಮೆ. ಬೆಂಗಳೂರಿನ ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡವರು, ಮಿಶಿಗನ್‌ನಲ್ಲಿ ಪಿಎಚ್.ಡಿ. ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಮೈಕ್ರೋವೇವ್ ಸಂಶೋಧನೆ ಕಟ್ಟಿದರು, ಮುಂದೆ ವಿಭಾಗದ ಮುಖ್ಯಸ್ಥೆಯೂ ಆದರು. ಅವರ ಹಿಂದೆ ಕಮಲಮ್ಮ ದಾಸಪ್ಪ ಎಂಬ ಅಜ್ಜಿ ಇದ್ದರು, ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅಂಥ ಅಜ್ಜಿ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಇಲ್ಲದವಳಿಗೆ ಕೇಂದ್ರದಲ್ಲಿ ಹತ್ತು ವರ್ಷ ಮೊದಲು ಸೇರಿದ ಅಕ್ಕ ಆಗಬೇಕು.

ಕೊನೆಗೆ ಮತ್ತೆ ತೆನೆಯ ಮಾತು. ಪರಾಗ ಉದುರಿಸಿದ ಮೇಲೆ ಚೀಲದ ಬುಡಕ್ಕೆ ಒಂದು ಚೀಟಿ ಕಟ್ಟುತ್ತಾರೆ. ತಾಯಿ ತಳಿಯ ಹೆಸರು, ತಂದೆ ತಳಿಯ ಹೆಸರು, ಸಂಕರ ಮಾಡಿದ ತಾರೀಖು. ಅದರ ಕೆಳಗೆ ಸಂಕರ ಮಾಡಿದವರ ಹೆಸರಿನ ಮೊದಲಕ್ಷರಕ್ಕೆ ಜಾಗವಿರುತ್ತದೆ, ಇಲ್ಲದಿದ್ದರೆ ಮಾಡಿಕೊಳ್ಳಿ. ಚೀಟಿಯಲ್ಲಿರುವಷ್ಟನ್ನೂ ಅದೇ ಸಂಜೆ ಫೀಲ್ಡ್ ಬುಕ್ಕಿಗೆ ಇಳಿಸಿ. ಚೀಟಿ ಬರೆಯಲು ಪೆನ್ನು ಬೇಡ. ಮಳೆ ಬಿದ್ದರೆ ಶಾಯಿ ಹರಡಿಹೋಗುತ್ತದೆ, ಪೆನ್ಸಿಲ್‌ನಲ್ಲಿ ಬರೆದದ್ದು ಕೊಯ್ಲಿನ ತನಕ ಇರುತ್ತದೆ.